ಬಿರಡೆಯ ನ್ಯಾಯವೂ ಮುಚ್ಚಳದ ನ್ಯಾಯವೂ

ಮನೆ ಕಟ್ಟಿಸುವ ಗೃಹಸ್ಥನು ಕಲ್ಲನ್ನು ತಟ್ಟಿ ನೋಡುವನು, ಮರವನ್ನು ಉಗುರಿನಿಂದ ಗೀಚಿ ನೋಡುವನು, ನೆಲಕ್ಕೆ ಹಾಸುವ ಬಿಲ್ಲೆಯ ಬಣ್ಣಕ್ಕಾಗಿ ಮನೆಯವರೊಡನೆ ಮೂರು ದಿವಸ ಚರ್ಚೆ ಮಾಡುವನು. ಆದರೆ ಗೋಡೆಯೊಳಗೆ ಹುದುಗಿಹೋಗುವ ನೀರಿನ ಕೊಳವೆಗಳು ಒಂದಕ್ಕೊಂದು ಹೇಗೆ ಕೂಡಿಕೊಂಡಿವೆ ಎಂಬುದನ್ನು ಮಾತ್ರ ಅವನು ನೋಡುವುದಿಲ್ಲ. ಅದು ಕೆಲಸದವನ ವಿಷಯವೆಂದು ಬಿಟ್ಟುಬಿಡುವನು. ಆರು ತಿಂಗಳಾದ ಮೇಲೆ ಗೋಡೆಯ ಸುಣ್ಣವು ಉಬ್ಬಿ, ಮೂಲೆಯಲ್ಲಿ ಪಾಚಿ ಕಾಣಿಸಿಕೊಂಡಾಗ, ದೋಷವು ಕೊಳವೆಯದೂ ಅಲ್ಲ, ನಲ್ಲಿಯದೂ ಅಲ್ಲ, ಅವೆರಡೂ ಕೂಡುವ ಸಂಧಿಯದು ಎಂದು ತಿಳಿದುಬರುವುದು. ಒಳ್ಳೆಯ ಕೊಳವೆಯು ನಡುವೆ ಒಡೆಯುವುದು ಅಪೂರ್ವ. ಸೋರಿಕೆಯು ಬಹುಮಟ್ಟಿಗೆ ಕೂಡುವ ಸ್ಥಳದಲ್ಲಿಯೇ ಹುಟ್ಟುವುದು. ಆದಕಾರಣ ಈ ತಿಂಗಳು ತಿರುಪಿನಿಂದ ಕೂಡಿಸುವ ಕೊಳವೆಯ ಸಂಧಿಯ ವಿಚಾರವಾಗಿ ಕೆಲವು ಮಾತುಗಳನ್ನು ವಾಚಕರ ಮುಂದಿಡುವೆನು.

ಇದು ಅಲ್ಪ ವಿಷಯವೆಂದು ಯಾರೂ ಭಾವಿಸಬಾರದು. ಸೆಕೆಂಡಿಗೆ ಒಂದು ಹನಿಯಂತೆ ಸೋರುವ ಒಂದು ಸಂಧಿಯನ್ನು ತೆಗೆದುಕೊಳ್ಳೋಣ. ೨೦ ಹನಿಗಳಿಗೆ ಒಂದು ಮಿಲಿಲೀಟರು ಎಂದು ಹಿಡಿದರೆ, ದಿವಸವೊಂದಕ್ಕೆ ೮೬,೪೦೦ ಹನಿ. ಅಂದರೆ ನಾಲ್ಕು ಲೀಟರಿಗೆ ಮೇಲೆ. ವರ್ಷಕ್ಕೆ ಒಂದೂವರೆ ಸಾವಿರ ಲೀಟರು ಮೀರಿತು. ಬೆಂಗಳೂರಿನವರಿಗಾದರೋ ಈ ನೀರು ತೊರೆಕಾಡನಹಳ್ಳಿಯಿಂದ ಸುಮಾರು ೧೦೦ ಕಿಲೋಮೀಟರು ದೂರ, ಸುಮಾರು ೫೦೦ ಮೀಟರು ಎತ್ತರಕ್ಕೆ ಪಂಪುಗಳು ತಳ್ಳಿ ತಂದ ಕಾವೇರಿಯ ನೀರು. ಇನ್ನು ಆ ಸಂಧಿಯೊಳಗೆ ಹರಿಯುವುದು ನೀರಲ್ಲದೆ ಅಡಿಗೆಯ ಅನಿಲವಾಗಿದ್ದರೆ ನಷ್ಟವು ಲೀಟರುಗಳಲ್ಲಿ ಅಳೆಯುವಂಥದಲ್ಲ. ಅದನ್ನು ಮುಂದೆ ಹೇಳುವೆನು.

ತಿರುಪು ಮಾಡುವ ಕೆಲಸ, ಮಾಡದ ಕೆಲಸ

ಸಂಧಿ ಎಂಬ ಶಬ್ದವನ್ನು ನಾವು ವ್ಯಾಕರಣದಲ್ಲಿಯೂ ಶರೀರಶಾಸ್ತ್ರದಲ್ಲಿಯೂ ಕೇಳಿದ್ದೇವೆ. ಎರಡು ವಸ್ತುಗಳು ಹತ್ತಿರ ಹತ್ತಿರ ಇದ್ದಮಾತ್ರಕ್ಕೆ ಸಂಧಿಯಾಗುವುದಿಲ್ಲ. ಅವುಗಳ ನಡುವಣ ತೆರಪು ಇಲ್ಲದಂತಾಗಬೇಕು. ಕೊಳವೆಯ ವಿಷಯದಲ್ಲಿ ಈ ಕೆಲಸವನ್ನು ತಿರುಪು ಮಾಡುತ್ತದೆಯೆಂದು ನಾವೆಲ್ಲರೂ ನಂಬಿದ್ದೇವೆ. ಕೊಳವೆಯ ತುದಿಯಲ್ಲಿ ಹೊರಗಡೆ ಸುತ್ತುಸುತ್ತಾಗಿ ಏಣುಗಳನ್ನು ಕೊರೆದಿರುವರು. ಅದನ್ನು ಸೇರಿಸುವ ಸಾಕೆಟ್ಟಿನ ಒಳಗಡೆ ಅದಕ್ಕೆ ತಕ್ಕ ತೋಡುಗಳಿರುವುವು. ಕೆಲಸದವರು ಇದನ್ನೇ ಥ್ರೆಡ್ಡು ಎನ್ನುವರು. ಒಂದನ್ನು ಇನ್ನೊಂದರೊಳಗೆ ತಿರುಗಿಸಿ ಬಿಗಿಮಾಡಿದರೆ ನೀರು ನಿಲ್ಲುವುದೆಂಬುದು ಸಾಮಾನ್ಯರ ತಿಳಿವಳಿಕೆ. ಈ ತಿಳಿವಳಿಕೆಯೇ ಅರ್ಧ ಸೋರಿಕೆಗಳಿಗೆ ಮೂಲ.

ತಿರುಪು ಮಾಡುವುದು ಹಿಡಿದುಕೊಳ್ಳುವ ಕೆಲಸವನ್ನು ಮಾತ್ರ, ಮುಚ್ಚುವ ಕೆಲಸವನ್ನಲ್ಲ. ಹೇಗೆಂದರೆ, ಏಣು ತೋಡಿನೊಳಗೆ ಸಲೀಸಾಗಿ ತಿರುಗಬೇಕಾದರೆ ಎರಡಕ್ಕೂ ನಡುವೆ ಸ್ವಲ್ಪ ಸಡಿಲವಿರಲೇಬೇಕು. ಏಣಿನ ಎರಡು ಪಕ್ಕಗಳು ತೋಡಿನ ಪಕ್ಕಗಳಿಗೆ ತಗುಲಿ ಕುಳಿತರೂ, ಏಣಿನ ತುದಿಗೂ ತೋಡಿನ ತಳಕ್ಕೂ ನಡುವೆ ಕೂದಲೆಳೆಯಷ್ಟು ತೆರಪು ಉಳಿಯುವುದು. ಈ ತೆರಪು ಸುತ್ತಿಸುತ್ತಿ ಒಳಗಿನಿಂದ ಹೊರಗಿನವರೆಗೆ ಎಡೆಬಿಡದೆ ಸಾಗುವ ಒಂದು ಸಣ್ಣ ಕಾಲುವೆ. ನಮ್ಮ ಮನೆಗಳಲ್ಲಿ ವಾಡಿಕೆಯಾದ ಅರ್ಧ ಇಂಚಿನ ಕೊಳವೆಯಲ್ಲಿ ತಿರುಪಿನ ಒಂದು ಸುತ್ತಿನ ಉದ್ದವು ೬ ಸೆಂಟಿಮೀಟರಿಗೆ ಸ್ವಲ್ಪ ಮೇಲೆ. ಆರು ಸುತ್ತು ಒಳಗೆ ಹೋಗಿದ್ದರೆ ಕಾಲುವೆಯ ಉದ್ದವು ಸುಮಾರು ೩೭ ಸೆಂಟಿಮೀಟರು, ಒಂದು ಮೊಳಕ್ಕೆ ತುಸು ಕಡಮೆ. ಹೆಬ್ಬೆರಳಿನ ಗಾತ್ರದ ಒಂದು ಸಂಧಿಯೊಳಗೆ ಮೊಳದುದ್ದದ ಗುಪ್ತಮಾರ್ಗವಿದೆಯೆಂದರೆ ಆಶ್ಚರ್ಯವಲ್ಲವೆ? ಒತ್ತಡವಿರುವ ನೀರಿಗೆ ಈ ದಾರಿಯನ್ನು ಹುಡುಕಿಕೊಳ್ಳಲು ಹೆಚ್ಚು ಹೊತ್ತು ಬೇಕಾಗಿಲ್ಲ.

ಈ ದಾರಿಯನ್ನು ಕಟ್ಟುವ ಉಪಾಯಗಳು ಮುಖ್ಯವಾಗಿ ಎರಡು. ಅವೆರಡೂ ನಮ್ಮ ಅಡಿಗೆಮನೆಯ ಕಪಾಟಿನಲ್ಲಿಯೇ ಇವೆ. ಔಷಧಿಯ ಹಳೆಯ ಸೀಸೆಗೆ ಬೆಂಡಿನ ಬಿರಡೆಯನ್ನು ಹಾಕಿರುವುದನ್ನು ನೋಡಿರಿ. ಬಿರಡೆಯ ಕೆಳಗಡೆ ಕಿರಿದು, ಮೇಲಕ್ಕೆ ಬರುತ್ತ ದಪ್ಪ. ಒತ್ತಿದಷ್ಟೂ ಬಾಯಿಗೆ ಬೆಣೆಯಂತೆ ಕಚ್ಚಿಕೊಳ್ಳುವುದು. ಅದರ ಪಕ್ಕದಲ್ಲಿ ಉಪ್ಪಿನಕಾಯಿಯ ಗಾಜಿನ ಸೀಸೆಯನ್ನು ನೋಡಿರಿ. ಅದರ ಮುಚ್ಚಳಕ್ಕೆ ತಿರುಪಿದೆ; ಆದರೆ ಎಣ್ಣೆಯನ್ನು ತಡೆಯುವುದು ತಿರುಪಲ್ಲ, ಮುಚ್ಚಳದ ಒಳಗೆ ಅಂಟಿಸಿದ ಮೆತ್ತನೆಯ ಬಿಲ್ಲೆ. ತಿರುಪು ಆ ಬಿಲ್ಲೆಯನ್ನು ಸೀಸೆಯ ತುಟಿಗೆ ಅದುಮಿ ಹಿಡಿದಿರುವುದು, ಅಷ್ಟೆ. ಮೊದಲನೆಯದನ್ನು ಬಿರಡೆಯ ನ್ಯಾಯವೆಂದೂ ಎರಡನೆಯದನ್ನು ಮುಚ್ಚಳದ ನ್ಯಾಯವೆಂದೂ ಕರೆಯೋಣ. ನಮ್ಮ ಮನೆಯ ತಿರುಪಿನ ಸಂಧಿಗಳೆಲ್ಲವೂ ಪ್ರಾಯಶಃ ಈ ಎರಡರಲ್ಲಿ ಒಂದಕ್ಕೆ ಸೇರಿದವು. ಯಾವ ಸಂಧಿ ಯಾವ ನ್ಯಾಯಕ್ಕೆ ಒಳಪಟ್ಟಿದೆ ಎಂಬುದನ್ನು ತಿಳಿಯದೆ ಅದರ ಮೇಲೆ ಪಾನಾ ಹಾಕತಕ್ಕದ್ದಲ್ಲ.

ಬಿರಡೆಯ ನ್ಯಾಯ

ಕಬ್ಬಿಣದ ಕೊಳವೆಯ ತುದಿಯಲ್ಲಿ ಕೊರೆದ ತಿರುಪನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದರೆ ಅದು ನೆಟ್ಟಗಿಲ್ಲದೆ ತುದಿಯ ಕಡೆಗೆ ಸ್ವಲ್ಪ ಕಿರಿದಾಗಿರುವುದು ಕಾಣುವುದು. ಇದು ಕೊರೆದವನ ಅಜಾಗ್ರತೆಯಲ್ಲ. ಬುದ್ಧಿಪೂರ್ವಕವಾಗಿ ಇಟ್ಟ ಓರೆ. ಹದಿನಾರು ಭಾಗ ಉದ್ದ ಸಾಗುವುದರೊಳಗೆ ವ್ಯಾಸವು ಒಂದು ಭಾಗ ಹೆಚ್ಚುವುದು. ಅರ್ಧ ಇಂಚಿನ ಕೊಳವೆಯಲ್ಲಿ ಇಂಚಿಗೆ ೧೪ ಸುತ್ತುಗಳಿರುವುದರಿಂದ, ಒಂದು ಪೂರ್ತಿ ಸುತ್ತು ತಿರುಗಿಸಿದಾಗ ಕೊಳವೆಯು ೧.೮ ಮಿಲಿಮೀಟರು ಮುಂದೆ ಹೋಗುವುದು, ವ್ಯಾಸದಲ್ಲಿ ಮಿಲಿಮೀಟರಿನ ಒಂಬತ್ತನೆಯ ಒಂದು ಭಾಗದಷ್ಟು ಬೆಣೆ ಬಿಗಿಯುವುದು. ವೀಣೆಯ ಬಿರಡೆಯೂ ಹೀಗೆಯೇ ಓರೆಯಾಗಿ ಕೆತ್ತಿದ್ದು. ತಂತಿಯ ಎಳೆತಕ್ಕೆ ಹಿಂದಿರುಗದೆ ನಿಲ್ಲುವುದು ಆ ಓರೆಯ ಮತ್ತು ಉಜ್ಜುವಿಕೆಯ ಬಲದಿಂದ. ಕೊಳವೆಯೂ ಮೊದಲು ನಾಲ್ಕು ಸುತ್ತುಗಳವರೆಗೆ ಕೈಯಿಂದಲೇ ಸಲೀಸಾಗಿ ಹೋಗುವುದು. ಆಮೇಲೆ ಕೈ ಸಾಗದು. ಅಲ್ಲಿಂದ ಮುಂದೆ ಪಾನಾದಿಂದ ಒಂದೂವರೆ ಸುತ್ತಿನಿಂದ ಮೂರು ಸುತ್ತಿನವರೆಗೆ ಸಾಕು.

ಇಲ್ಲಿ ಅರ್ಧ ಇಂಚು ಎಂಬ ಮಾತಿಗೆ ಒಂದು ವಿವರಣೆ ಬೇಕು. ಅರ್ಧ ಇಂಚಿನ ಕೊಳವೆಯನ್ನು ತಂದು ಅಳೆದರೆ ಅದರ ಹೊರವ್ಯಾಸವು ಸುಮಾರು ೨೧ ಮಿಲಿಮೀಟರು. ಅರ್ಧ ಇಂಚಾದರೋ ೧೨.೭ ಮಿಲಿಮೀಟರು. ಒಳಗಿನ ರಂಧ್ರವನ್ನು ಅಳೆದರೂ ಲೆಕ್ಕ ಸರಿಹೋಗುವುದಿಲ್ಲ. ಅಂಗಡಿಯವನು ಮೋಸಮಾಡಿದನೆಂದು ತಿಳಿಯಬಾರದು. ಹಿಂದಿನ ಕಾಲದಲ್ಲಿ ದಪ್ಪನೆಯ ಕಬ್ಬಿಣದ ಕೊಳವೆಯ ಒಳರಂಧ್ರದಿಂದ ಅದಕ್ಕೆ ಹೆಸರಿಟ್ಟಿದ್ದರು. ಕಬ್ಬಿಣ ಉತ್ತಮವಾದಂತೆ ಗೋಡೆಯು ತೆಳುವಾಯಿತು, ರಂಧ್ರ ದೊಡ್ಡದಾಯಿತು. ಹೊರಗಿನ ತಿರುಪನ್ನು ಮಾತ್ರ ಬದಲಾಯಿಸಲಾಗಲಿಲ್ಲ, ಬದಲಾಯಿಸಿದರೆ ಹಳೆಯ ಮನೆಗಳಿಗೆ ಹೊಸ ನಲ್ಲಿ ಹೊಂದುತ್ತಿರಲಿಲ್ಲ. ರೂಢಿಯಲ್ಲಿ ಅರ್ಥ ಬದಲಾದರೂ ಪದ ಉಳಿದುಕೊಳ್ಳುವುದು ಭಾಷೆಯಲ್ಲಿಯೂ ಉಂಟಷ್ಟೆ.

ಎಲ್ಲೆಡೆ ಒಂದೇ ಬಗೆಯ ತಿರುಪು ಇರಬೇಕೆಂಬ ವಿವೇಕವು ಯಂತ್ರಶಿಲ್ಪಿಗಳಿಗೆ ತಡವಾಗಿ ಬಂದಿತು. ಇಂಗ್ಲೆಂಡಿನಲ್ಲಿ ಒಂದು ಕಾರ್ಖಾನೆಯ ತಿರುಪು ಇನ್ನೊಂದರದಕ್ಕೆ ಹೊಂದುತ್ತಿರಲಿಲ್ಲ. ಜೋಸೆಫ್ ವಿಟ್‌ವರ್ಥ್ ಎಂಬ ಯಂತ್ರಶಿಲ್ಪಿಯು ಹಲವು ಕಾರ್ಖಾನೆಗಳ ತಿರುಪುಗಳನ್ನು ಕೂಡಿಹಾಕಿ, ಅಳೆದು, ಅವುಗಳ ಸರಾಸರಿಯನ್ನು ತೆಗೆದು, ಏಣಿನ ಕೋನವು ೫೫ ಅಂಶವಿರಲೆಂದು ೧೮೪೧ರಲ್ಲಿ ಸೂಚಿಸಿದನು. ನಮ್ಮ ದೇಶದ ಕೊಳವೆಯ ತಿರುಪಿನಲ್ಲಿ ಇಂದಿಗೂ ಇರುವುದು ಅದೇ ೫೫ ಅಂಶದ ಕೋನ. ತಿರುಪಿನ ಮೇಲೆಯೇ ಒತ್ತಡವನ್ನು ತಡೆಯಬೇಕಾದ ಸಂಧಿಗಳಿಗೆ ಭಾರತೀಯ ಮಾನಕವು ಐ.ಎಸ್. ೫೫೪, ತಿರುಪು ಹಿಡಿದುಕೊಳ್ಳುವುದಕ್ಕೆ ಮಾತ್ರ ಇದ್ದು, ಮುಚ್ಚುವ ಕೆಲಸವನ್ನು ಬೇರೊಂದು ವಸ್ತುವು ಮಾಡುವ ಸಂಧಿಗಳಿಗೆ ಐ.ಎಸ್. ೨೬೪೩. ಮೊದಲನೆಯದರ ಹೊರತಿರುಪಿಗೆ ಆರ್ ಎಂಬ ಅಕ್ಷರವನ್ನೂ ಎರಡನೆಯದಕ್ಕೆ ಜಿ ಎಂಬ ಅಕ್ಷರವನ್ನೂ ಗುರುತಾಗಿ ಇಟ್ಟಿರುವರು. ನಾವು ಹೇಳಿದ ಎರಡು ನ್ಯಾಯಗಳನ್ನು ಮಾನಕವನ್ನು ರಚಿಸಿದವರೂ ಬೇರೆಬೇರೆಯಾಗಿಯೇ ಇಟ್ಟಿರುವರೆಂಬುದನ್ನು ಗಮನಿಸಬೇಕು.

ನಡುವೆ ಬಂದು ಸೇರುವ ವಸ್ತು

ಬೆಣೆಯು ಎಷ್ಟು ಬಿಗಿದರೂ ಲೋಹಕ್ಕೂ ಲೋಹಕ್ಕೂ ನಡುವಣ ಆ ಸಣ್ಣ ಕಾಲುವೆ ಪೂರ್ತಿಯಾಗಿ ಮುಚ್ಚುವುದಿಲ್ಲ. ಏಣಿನ ತುದಿಯನ್ನೇ ಜಜ್ಜಿ ಮುಚ್ಚುವಂತೆ ಬಹು ಸೂಕ್ಷ್ಮವಾಗಿ ಕೊರೆದ ತಿರುಪುಗಳೂ ಯಂತ್ರಗಳಲ್ಲಿ ಉಂಟು. ಅವು ನಮ್ಮ ಬಚ್ಚಲಮನೆಗೆ ಬರುವಂಥವಲ್ಲ. ನಮ್ಮಲ್ಲಿ ಕಾಲುವೆಯನ್ನು ತುಂಬಲು ಮೂರನೆಯದೊಂದು ವಸ್ತು ಬೇಕು. ಮಕ್ಕಳಿಗೆ ಸಂಧಿಯ ಪಾಠವನ್ನು ಹೇಳುವಾಗ, ಎರಡು ಸ್ವರಗಳ ನಡುವೆ ಯಕಾರವೋ ವಕಾರವೋ ಹೊಸದಾಗಿ ಬಂದು ಸೇರಿದರೆ ಅದನ್ನು ಆಗಮಸಂಧಿ ಎನ್ನುವೆವಲ್ಲವೆ? ಕೊಳವೆಯ ಸಂಧಿಯೂ ಆಗಮಸಂಧಿಯೇ. ಬಂದು ಸೇರುವ ಆ ವಸ್ತುವು ಪೂರ್ವಪದದ್ದೂ ಅಲ್ಲ, ಉತ್ತರಪದದ್ದೂ ಅಲ್ಲ. ಆದರೆ ಅದಿಲ್ಲದೆ ಎರಡೂ ಕೂಡವು.

ಹಿಂದೆ ಈ ಕೆಲಸಕ್ಕೆ ಸೆಣಬಿನ ನಾರನ್ನು ತಿರುಪಿನ ತೋಡಿನೊಳಗೆ ಸುತ್ತಿ, ಅದರ ಮೇಲೆ ಅಗಸೆ ಎಣ್ಣೆಯಲ್ಲಿ ಕಲಸಿದ ಬಿಳಿ ಸೀಸವನ್ನು ಬಳಿಯುತ್ತಿದ್ದರು. ನಾರು ನೀರನ್ನು ಕುಡಿದು ಉಬ್ಬುವುದು, ಎಣ್ಣೆ ಒಣಗಿ ಗಟ್ಟಿಯಾಗುವುದು. ಸಂಧಿಯು ಹತ್ತಾರು ವರ್ಷ ನಿಲ್ಲುವುದು. ಆದರೆ ಸೀಸವು ವಿಷ. ಕುಡಿಯುವ ನೀರಿನ ಕೊಳವೆಗೆ ಅದನ್ನು ಈಗ ಸರ್ವಥಾ ಬಳಸಬಾರದು. ಇಂದು ಅದರ ಸ್ಥಾನದಲ್ಲಿ ಬಂದಿರುವುದು ಟೆಫ್ಲಾನ್ ಎಂಬ ಬಿಳಿಯ ನಯವಾದ ಪಟ್ಟಿ. ೧೯೩೮ನೆಯ ಏಪ್ರಿಲ್ ೬ರಂದು ಅಮೆರಿಕದಲ್ಲಿ ರಾಯ್ ಪ್ಲಂಕೆಟ್ ಎಂಬ ರಸಾಯನಶಾಸ್ತ್ರಜ್ಞನು ತಂಪುಯಂತ್ರಗಳ ಅನಿಲವನ್ನು ಕುರಿತು ಪ್ರಯೋಗ ನಡೆಸುತ್ತಿರಲು, ತುಂಬಿಟ್ಟ ಅನಿಲವು ಡಬ್ಬಿಯಿಂದ ಹೊರಬರಲಿಲ್ಲ. ಡಬ್ಬಿಯನ್ನು ಕೊಯ್ದು ನೋಡಿದಾಗ ಒಳಗೆ ಬಿಳಿಯ ಪುಡಿ ಸಿಕ್ಕಿತು. ಆ ಪುಡಿಯೇ ಇಂದು ದೋಸೆಯ ಹೆಂಚಿನ ಮೇಲೂ ಕೊಳವೆಯ ಮೇಲೂ ಇರುವ ಟೆಫ್ಲಾನ್.

ಈ ಪಟ್ಟಿಯು ಅಂಟಲ್ಲ ಎಂಬುದನ್ನು ಮುಖ್ಯವಾಗಿ ತಿಳಿಯಬೇಕು. ಅದು ಮಾಡುವುದು ಎರಡು ಕೆಲಸ: ತಾನು ಜಾರುವ ಗುಣದಿಂದ ಲೋಹವು ಲೋಹವನ್ನು ಕಚ್ಚದೆ ಬೆಣೆ ಇನ್ನಷ್ಟು ಒಳಗೆ ಹೋಗುವಂತೆ ಮಾಡುವುದು, ಹೋದ ಮೇಲೆ ಹಿಂಡಿಕೊಂಡು ಕಾಲುವೆಯನ್ನು ತುಂಬುವುದು. ಸುತ್ತುವ ಕ್ರಮ ಹೀಗೆ. ತಿರುಪನ್ನು ಒರಸಿ ಒಣಗಿಸಿ, ಹಳೆಯ ಪಟ್ಟಿಯ ಚೂರುಗಳನ್ನು ಪೂರ್ತಿಯಾಗಿ ತೆಗೆಯಬೇಕು. ಕೊಳವೆಯ ತೆರೆದ ಬಾಯಿಯನ್ನು ತನ್ನ ಮುಖಕ್ಕೆ ಹಿಡಿದು ಗಡಿಯಾರದ ಮುಳ್ಳು ತಿರುಗುವ ಕಡೆಗೆ, ಅಂದರೆ ಪ್ರದಕ್ಷಿಣವಾಗಿ, ಬಿಗಿಯಾಗಿ ಎಳೆದು ಮೂರರಿಂದ ಐದು ಸುತ್ತು ಸುತ್ತಬೇಕು. ಅಪ್ರದಕ್ಷಿಣವಾಗಿ ಸುತ್ತಿದರೆ, ಸಾಕೆಟ್ಟನ್ನು ತಿರುಗಿಸುವಾಗ ಪಟ್ಟಿಯು ಬಿಚ್ಚಿಕೊಂಡು ಹೊರಗೆ ಮುದ್ದೆಯಾಗುವುದು. ತುದಿಯ ಮೊದಲನೆಯ ಸುತ್ತನ್ನು ಬರಿದಾಗಿ ಬಿಡಬೇಕು; ಇಲ್ಲದಿದ್ದರೆ ಪಟ್ಟಿಯ ಚೂರು ನೀರಿನೊಡನೆ ಹೋಗಿ ನಲ್ಲಿಯ ಜಾಲರಿಯಲ್ಲಿ ಸಿಕ್ಕಿಕೊಳ್ಳುವುದು. ಒಮ್ಮೆ ಬಿಗಿಮಾಡಿದ ಮೇಲೆ, ನಲ್ಲಿಯ ಮೂತಿ ನೆಟ್ಟಗೆ ಬರಲೆಂದು ಕಾಲು ಸುತ್ತು ಹಿಂದಕ್ಕೆ ತಿರುಗಿಸುವುದು ನಮ್ಮಲ್ಲಿ ಬಹು ಸಾಮಾನ್ಯ. ಇದನ್ನು ಎಂದಿಗೂ ಮಾಡಬಾರದು. ಹಿಂದಕ್ಕೆ ತಿರುಗಿಸಿದೊಡನೆ ಬೆಣೆ ಸಡಿಲಿ, ಹಿಂಡಿದ ಪಟ್ಟಿ ಹರಿಯುವುದು. ಮುಂದಕ್ಕೆ ತಿರುಗಿಸಿಯೇ ನೆಟ್ಟಗೆ ಮಾಡಬೇಕು. ಆಗದಿದ್ದರೆ ಪೂರ್ತಿ ಬಿಚ್ಚಿ ಹೊಸ ಪಟ್ಟಿ ಸುತ್ತಬೇಕು.

ಬಲದ ಮಿತಿ

ಸೋರಿದರೆ ಇನ್ನೂ ಬಿಗಿಮಾಡು ಎಂಬುದು ಎಲ್ಲರ ಬಾಯಲ್ಲಿಯೂ ಬರುವ ಮಾತು. ಒಳಗಿನ ನೀರಿನ ಬಲವೆಷ್ಟು ಎಂಬುದನ್ನು ಮೊದಲು ಲೆಕ್ಕ ಮಾಡೋಣ. ಹತ್ತು ಮೀಟರು ಎತ್ತರದ ತೊಟ್ಟಿಯಿಂದ ಇಳಿದ ನೀರಿನ ಒತ್ತಡವು ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ. ಅರ್ಧ ಇಂಚಿನ ಕೊಳವೆಯ ಬಾಯಿಯನ್ನು ಹೊರಗಿನಂಚಿನವರೆಗೆ ಹಿಡಿದರೂ ಮೂರೂವರೆ ಚದರ ಸೆಂಟಿಮೀಟರಿಗೆ ಮೀರದು. ಹಾಗಾದರೆ ಸಂಧಿಯನ್ನು ಕಿತ್ತುಹಾಕಲು ನೀರು ತಳ್ಳುವ ಬಲವು ಮೂರೂವರೆ ಕಿಲೋ. ಚಿಕ್ಕ ಮಗುವೊಂದರ ಭಾರ. ಎರಡು ಸುತ್ತು ತಿರುಪೂ ಅದನ್ನು ಹಿಡಿದು ನಿಲ್ಲಬಲ್ಲದು. ಒಂದು ಅಡಿ ಉದ್ದದ ಪಾನಾ ಹಿಡಿದು ಗಟ್ಟಿ ಆಳೊಬ್ಬನು ಹೇರುವ ಬಲ ಇದಕ್ಕಿಂತ ಎಷ್ಟೋ ಪಾಲು ದೊಡ್ಡದು. ಓರೆಯ ಬೆಣೆ ಅದನ್ನು ಮತ್ತೆ ಹಲವು ಪಟ್ಟು ಹೆಚ್ಚಿಸಿ ಸಾಕೆಟ್ಟಿನ ಗೋಡೆಯನ್ನು ಹೊರಕ್ಕೆ ದಬ್ಬುವುದು. ಸಂಧಿಯನ್ನು ಒಡೆಯುವ ಸಾಮರ್ಥ್ಯ ನೀರಿಗಿಂತ ನಮ್ಮ ಕೈಗೇ ಹೆಚ್ಚು.

ಕಬ್ಬಿಣವೂ ಹಿತ್ತಾಳೆಯೂ ಈ ದಬ್ಬುವಿಕೆಯನ್ನು ತಕ್ಕಮಟ್ಟಿಗೆ ಸಹಿಸುವುವು. ಪ್ಲಾಸ್ಟಿಕ್ಕು ಸಹಿಸದು. ಈಗಿನ ಮನೆಗಳಲ್ಲಿ ಕೊಳವೆಗಳು ಬಹುಪಾಲು ಪ್ಲಾಸ್ಟಿಕ್ಕಿನವು, ನಲ್ಲಿಗಳು ಹಿತ್ತಾಳೆಯವು. ಹಿತ್ತಾಳೆಯ ಹೊರತಿರುಪನ್ನು ಪ್ಲಾಸ್ಟಿಕ್ಕಿನ ಒಳತಿರುಪಿಗೆ ಹಾಕಿ ಬಿಗಿಮಾಡಿದರೆ, ಬಿರಡೆ ಗಟ್ಟಿ, ಸೀಸೆ ಮೆತ್ತಗೆ ಎಂಬಂತಾಯಿತು. ಟೆಫ್ಲಾನ್ ಪಟ್ಟಿಯ ಜಾರುವ ಗುಣವು ಇಲ್ಲಿ ಶತ್ರುವಾಗುವುದು. ಬಿಗಿ ಎಷ್ಟಾಯಿತೆಂಬುದು ಕೈಗೆ ತಿಳಿಯದೆ ಹೋಗುವುದು. ಅದೇ ದಿವಸ ಏನೂ ಆಗುವುದಿಲ್ಲ. ಪ್ಲಾಸ್ಟಿಕ್ಕು ಹಗಲೂ ರಾತ್ರಿಯೂ ಆ ಎಳೆತವನ್ನು ಹೊತ್ತು ನಿಂತಿದ್ದು, ಸಾವಕಾಶವಾಗಿ ಹಿಗ್ಗುತ್ತ, ಕೊನೆಗೊಂದು ದಿವಸ ಉದ್ದಕ್ಕೆ ಸೀಳುವುದು.

ನಮ್ಮ ಬೀದಿಯ ಒಂದು ಮನೆಯಲ್ಲಿ ಹೀಗೆಯೇ ಆಯಿತು. ಬಚ್ಚಲಿಗೆ ಹೊಸ ಹಿತ್ತಾಳೆಯ ನಲ್ಲಿ ಹಾಕಿಸಿ ಮೂರು ವಾರವಾಗಿದ್ದಿತು. ನಡುರಾತ್ರಿಯಲ್ಲಿ ಗೋಡೆಯೊಳಗಿನ ಪ್ಲಾಸ್ಟಿಕ್ಕಿನ ಮೊಣಕೈ ಸೀಳಿ, ಬೆಳಗಾಗುವುದರೊಳಗೆ ತೊಟ್ಟಿ ಬರಿದಾಗಿ, ಕೆಳಗಿನ ಕೋಣೆಯಲ್ಲಿ ಮೊಮ್ಮಗಳ ಮದುವೆಗೆಂದು ತಂದಿಟ್ಟಿದ್ದ ಅಕ್ಕಿಯ ಮೂಟೆಗಳು ನೆನೆದುಹೋದುವು. ನಲ್ಲಿ ಹಾಕಿದ ಹುಡುಗನು ಬಂದು, “ಸ್ವಾಮಿ, ಇನ್ನೊಂದು ಸುತ್ತು ಬಿಗಿಮಾಡಿದ್ದರೆ ಹೀಗಾಗುತ್ತಿರಲಿಲ್ಲ” ಎಂದನು. ಅವನ ಜೊತೆಗೆ ಬಂದಿದ್ದ ಹಿರಿಯ ಕೆಲಸಗಾರನು ಸೀಳಿದ ತುಂಡನ್ನು ಕೈಯಲ್ಲಿ ಹಿಡಿದು, “ಒಂದು ಸುತ್ತು ಕಡಮೆ ಮಾಡಿದ್ದರೆ ಆಗುತ್ತಿರಲಿಲ್ಲ ಕಣಪ್ಪ, ಸೀಳಿರೋದು ಉದ್ದಕ್ಕೆ, ನೋಡು” ಎಂದನು. ಸರಿಯಾದ ನಿದಾನ ಅದೇ. ನೀರು ಕಿತ್ತಿದ್ದರೆ ತಿರುಪಿನ ಸುತ್ತುಗಳು ಹರಿದಿರುತ್ತಿದ್ದುವು. ಬೆಣೆ ಸೀಳಿದ್ದರಿಂದ ಬಿರುಕು ಕೊಳವೆಯ ಉದ್ದಕ್ಕೆ ಹೋಗಿದೆ.

ಇದಕ್ಕೆ ಪರಿಹಾರವು ಬಲದಲ್ಲಿಲ್ಲ, ಯೋಜನೆಯಲ್ಲಿದೆ. ಒಳತಿರುಪು ಯಾವಾಗಲೂ ಗಟ್ಟಿ ವಸ್ತುವಿನದಾಗಿರಬೇಕು. ನಲ್ಲಿ ಬರುವ ಸ್ಥಳದಲ್ಲಿ ಹಿತ್ತಾಳೆಯ ಒಳತಿರುಪನ್ನು ಕೂಡಿಸಿ ಎರಕಹೊಯ್ದ ಪ್ಲಾಸ್ಟಿಕ್ಕಿನ ಮೊಣಕೈ ಅಂಗಡಿಯಲ್ಲಿ ದೊರೆಯುವುದು. ಬೆಲೆ ಸ್ವಲ್ಪ ಹೆಚ್ಚು, ಗೋಡೆಯನ್ನು ಒಡೆಯುವ ಖರ್ಚಿನ ಮುಂದೆ ಅದು ಏನೂ ಅಲ್ಲ. ಪ್ಲಾಸ್ಟಿಕ್ಕಿನ ಹೊರತಿರುಪು ಲೋಹದ ಒಳತಿರುಪಿಗೆ ಹೋಗುವುದಾದರೆ ಅಪಾಯ ಕಡಮೆ. ಏಕೆಂದರೆ ಆಗ ಪ್ಲಾಸ್ಟಿಕ್ಕು ಹಿಗ್ಗದೆ ಅದುಮಿಕೊಳ್ಳುವುದು. ಪ್ಲಾಸ್ಟಿಕ್ಕು ಯಾವ ಕಡೆಗಿದ್ದರೂ, ಕೈಬಿಗಿಯಾದ ಮೇಲೆ ಒಂದು ಸುತ್ತು, ಹೆಚ್ಚೆಂದರೆ ಎರಡು.

ಮುಚ್ಚಳದ ನ್ಯಾಯ

ಎರಡನೆಯ ಬಗೆಯ ಸಂಧಿಯಲ್ಲಿ ತಿರುಪು ನೆಟ್ಟಗಿರುವುದು, ಓರೆಯಿರುವುದಿಲ್ಲ. ಕೈತೊಳೆಯುವ ಬೋಗುಣಿಯ ಕೆಳಗಿನ ಬಳುಕುವ ಕೊಳವೆ, ಗೀಸರಿಗೆ ಹೋಗುವ ಕೊಳವೆ, ತುಂತುರು ಸ್ನಾನದ ಕೊಳವೆ ಇವೆಲ್ಲವೂ ಈ ಜಾತಿಗೆ ಸೇರಿದುವು. ಇವುಗಳ ತಿರುಪಿನ ನಟ್ಟನ್ನು ಬಗ್ಗಿಸಿ ಒಳಗೆ ನೋಡಿದರೆ ರಬ್ಬರಿನ ಒಂದು ವಾಷರ್ ಕಾಣುವುದು. ನೀರನ್ನು ತಡೆಯತಕ್ಕದ್ದು ಆ ವಾಷರ್. ಇಲ್ಲಿ ತಿರುಪಿಗೆ ಪಟ್ಟಿ ಸುತ್ತುವುದು ವ್ಯರ್ಥ ಮಾತ್ರವಲ್ಲ, ಹಾನಿಕರವೂ ಹೌದು. ಪಟ್ಟಿಯ ದಪ್ಪಕ್ಕೆ ನಟ್ಟು ಅರ್ಧದಲ್ಲಿಯೇ ಬಿಗಿದು, ಬಿಗಿಯಾಯಿತೆಂಬ ಭ್ರಮೆಯನ್ನು ಹುಟ್ಟಿಸುವುದು, ವಾಷರ್ ಸರಿಯಾಗಿ ಅದುಮಿಕೊಂಡಿರುವುದಿಲ್ಲ. ಇಂಥ ಸಂಧಿ ಸೋರಿದರೆ ನಟ್ಟನ್ನು ಬಿಚ್ಚಿ, ವಾಷರ್ ಇದೆಯೆ, ಸವೆದಿದೆಯೆ, ಅದು ಕುಳಿತುಕೊಳ್ಳುವ ಮುಖ ನಯವಾಗಿದೆಯೆ ಎಂದು ನೋಡಬೇಕು. ಕೈಯಿಂದ ಬಿಗಿಮಾಡಿ ಪಾನಾದಿಂದ ಕಾಲು ಸುತ್ತು ತಿರುಗಿಸಿದರೆ ಸಾಕು. ಕೊಳವೆಯ ನಡುವೆ ಬಿಚ್ಚಲೆಂದು ಹಾಕುವ ಯೂನಿಯನ್ನಿನ ದೊಡ್ಡ ನಟ್ಟಿಗೂ ಇದೇ ನಿಯಮ; ಅದರ ಎರಡು ಮುಖಗಳು ಕೂಡಬೇಕೇ ಹೊರತು ನಟ್ಟಿನ ತಿರುಪು ತಡೆಯುವುದೇನೂ ಇಲ್ಲ.

ರಬ್ಬರ್ ಉಂಗುರದಲ್ಲಿ ಒಂದು ವಿಶೇಷ ಗುಣವಿದೆ. ಬೆಣೆಯ ಸಂಧಿಗೆ ಒತ್ತಡವು ವೈರಿ. ಉಂಗುರವನ್ನು ಸರಿಯಾದ ತೋಡಿನಲ್ಲಿ ಕೂರಿಸಿದ ಸಂಧಿಗೆ ಒತ್ತಡವೇ ಮಿತ್ರ. ಒಳಗಿನಿಂದ ಬರುವ ಒತ್ತಡವು ಮೆತ್ತನೆಯ ಉಂಗುರವನ್ನು ತೋಡಿನ ಹೊರಮೂಲೆಗೆ ತಳ್ಳಿ ತೆರಪಿಗೆ ಇನ್ನಷ್ಟು ಅದುಮುವುದು. ಅಡಿಗೆಮನೆಯ ಕುಕ್ಕರಿನಲ್ಲಿ ಇದನ್ನು ದಿನವೂ ನೋಡಬಹುದು: ಮೊದಲು ಅಂಚಿನಿಂದ ಸ್ವಲ್ಪ ಹಬೆ ಬರುವುದು, ಒತ್ತಡವೇರಿದೊಡನೆ ಉಂಗುರವು ತುಂಬಿಕೊಂಡು ಹಬೆ ನಿಲ್ಲುವುದು. ಆದರೆ ಈ ಗುಣವೆಲ್ಲ ರಬ್ಬರು ಮೆತ್ತಗಿರುವವರೆಗೆ ಮಾತ್ರ. ೧೯೮೬ನೆಯ ಜನವರಿ ೨೮ರಂದು ಅಮೆರಿಕದ ಚಾಲೆಂಜರ್ ಎಂಬ ಆಕಾಶನೌಕೆಯು ಮೇಲೇರಿದ ೭೩ ಸೆಕೆಂಡುಗಳಲ್ಲಿ ಛಿದ್ರವಾಗಿ ಏಳು ಮಂದಿ ಮಡಿದರು. ಅದರ ರಾಕೆಟ್ಟಿನ ಭಾಗಗಳು ಕೂಡುವ ಸಂಧಿಯಲ್ಲಿದ್ದ ರಬ್ಬರ್ ಉಂಗುರಗಳು ಆ ಮುಂಜಾನೆಯ ಕೊರೆಯುವ ಚಳಿಗೆ ಬಿರುಸಾಗಿ, ತೆರಪನ್ನು ವೇಳೆಗೆ ಸರಿಯಾಗಿ ತುಂಬದೆ ಹೋದುವು. ವಿಚಾರಣೆಯ ಮಂಡಲಿಯಲ್ಲಿದ್ದ ರಿಚರ್ಡ್ ಫೈನ್‌ಮನ್ ಎಂಬ ಭೌತಶಾಸ್ತ್ರಜ್ಞನು ಆ ರಬ್ಬರಿನ ಚೂರನ್ನು ಮಂಜುಗಡ್ಡೆಯ ನೀರಿನ ಲೋಟದಲ್ಲಿ ಅದ್ದಿ ಅದು ಬಿರುಸಾಗುವುದನ್ನು ಸಭೆಯ ಮುಂದೆಯೇ ತೋರಿಸಿದನು. ನಮ್ಮ ಕುಕ್ಕರಿನ ಉಂಗುರವಾದರೋ ಚಳಿಗಲ್ಲ, ಬೆಂಕಿಗೂ ವಯಸ್ಸಿಗೂ ಬಿರುಸಾಗುವುದು. ಬಿರುಸಾದ ಉಂಗುರವನ್ನು ಎಸೆದು ಹೊಸದನ್ನು ತರುವುದರಲ್ಲಿ ಗೃಹಿಣಿಯರು ಜಿಪುಣತನ ಮಾಡತಕ್ಕದ್ದಲ್ಲ.

ದೇಶಭೇದ

ಅಮೆರಿಕದಲ್ಲಿ ಮಕ್ಕಳಿರುವ ಮನೆಗಳು ಈಗ ನಮ್ಮಲ್ಲಿ ಬಹಳ. ಬರುವಾಗ ಅವರು ಅಲ್ಲಿಯ ನಲ್ಲಿಯನ್ನೋ ನೀರು ಸೋಸುವ ಯಂತ್ರವನ್ನೋ ತರುವುದುಂಟು. ಅಲ್ಲಿಯ ಕೊಳವೆಯ ತಿರುಪು ವಿಟ್‌ವರ್ಥನ ಪರಂಪರೆಯದಲ್ಲ. ಫಿಲಡೆಲ್ಫಿಯಾದ ರಾಬರ್ಟ್ ಬ್ರಿಗ್ಸ್ ಎಂಬವನು ರೂಪಿಸಿದ ಕ್ರಮವನ್ನು, ಅವನು ೧೮೮೨ರಲ್ಲಿ ತೀರಿಕೊಂಡ ಮೇಲೆ, ೧೮೮೬ರಲ್ಲಿ ಆ ದೇಶದ ತಯಾರಕರು ಅಂಗೀಕರಿಸಿದರು. ಅದರ ಏಣಿನ ಕೋನವು ೬೦ ಅಂಶ. ಓರೆಯು ನಮ್ಮದರಷ್ಟೇ, ಹದಿನಾರಕ್ಕೊಂದು. ಅರ್ಧ ಇಂಚಿನಲ್ಲಿ ಅವರದೂ ಇಂಚಿಗೆ ೧೪ ಸುತ್ತು, ನಮ್ಮದೂ ೧೪. ಆದುದರಿಂದ ಎರಡೂ ಒಂದರೊಳಗೊಂದು ಹೋಗಿ ಬಿಗಿಯುವುವು. ಆದರೆ ವ್ಯಾಸವೂ ಕೋನವೂ ಬೇರೆಯಾದುದರಿಂದ ಪಕ್ಕಗಳು ಪೂರ್ತಿಯಾಗಿ ಕೂಡದೆ, ಎಷ್ಟು ಪಟ್ಟಿ ಸುತ್ತಿದರೂ ಇಂದಲ್ಲ ನಾಳೆ ಸೋರುವುವು. ಒಂದು ಇಂಚಿನಲ್ಲಿ ಅವರದು ಹನ್ನೊಂದೂವರೆ ಸುತ್ತು, ನಮ್ಮದು ಹನ್ನೊಂದು. ಅವು ಕೆಲವು ಸುತ್ತಿಗೇ ಸಿಕ್ಕಿಕೊಂಡು ತಾವೇ ಎಚ್ಚರ ಹೇಳುವುವು. ಹೊಂದಿಕೆಯಾಗದುದು ಹೊಂದಿದಂತೆ ತೋರುವುದೇ ಹೆಚ್ಚು ಅಪಾಯ. ಎರಡು ಕ್ರಮಗಳನ್ನು ಕೂಡಿಸಲೆಂದೇ ಮಾಡಿದ ನಡುತುಂಡು ದೊರೆಯುವುದು, ಅದನ್ನೇ ತರಿಸಬೇಕು.

ಅಡಿಗೆಮನೆಯ ಅನಿಲ

ಇನ್ನು ಮುಖ್ಯ ವಿಷಯ. ಅನಿಲದ ಸಿಲಿಂಡರಿನಲ್ಲಿ ನಮ್ಮ ಎರಡು ನ್ಯಾಯಗಳೂ ಒಂದೇ ಕಡೆ ಇವೆ. ಸಿಲಿಂಡರಿನ ಕೊರಳಿಗೆ ಹಿತ್ತಾಳೆಯ ವಾಲ್ವನ್ನು ಕಾರ್ಖಾನೆಯಲ್ಲಿ ಓರೆತಿರುಪಿನಿಂದ ಬಿಗಿದಿರುವರು. ಅದು ಬಿರಡೆಯ ನ್ಯಾಯ. ಅದನ್ನು ಮನೆಯವರು ಮುಟ್ಟಲೇಬಾರದು. ವಾಲ್ವಿನ ಮೇಲೆ ರೆಗ್ಯುಲೇಟರು ಕೂರುವ ಸ್ಥಳದಲ್ಲಿ ಒಳಗೆ ಸಣ್ಣ ರಬ್ಬರ್ ಉಂಗುರವಿದೆ. ಅದು ಮುಚ್ಚಳದ ನ್ಯಾಯ. ಹೊಸ ಸಿಲಿಂಡರು ಬಂದಾಗ ಮುಚ್ಚಳವನ್ನು ತೆಗೆಸಿ, ಆ ಉಂಗುರವು ಇದೆಯೆ, ಹರಿದಿದೆಯೆ ಎಂದು ತಂದವನ ಎದುರಿನಲ್ಲಿಯೇ ನೋಡಿಸಿಕೊಳ್ಳಬೇಕು. ಸಂಶಯವಿದ್ದರೆ ಸೋಪಿನ ನೊರೆಯನ್ನು ಸಂಧಿಗೆ ಬಳಿಯಬೇಕು. ಸೋರುತ್ತಿದ್ದರೆ ಗುಳ್ಳೆ ಏಳುವುದು. ಬೆಂಕಿಕಡ್ಡಿಯನ್ನು ಗೀರಿ ನೋಡುವ ಪರೀಕ್ಷೆಯು ಪರೀಕ್ಷೆಯಲ್ಲ, ಆತ್ಮಹತ್ಯೆ.

೧೯೩೭ನೆಯ ಮಾರ್ಚ್ ೧೮ರಂದು ಅಮೆರಿಕದ ಟೆಕ್ಸಾಸ್ ಸಂಸ್ಥಾನದ ನ್ಯೂ ಲಂಡನ್ ಎಂಬ ಊರಿನ ಶಾಲೆಯಲ್ಲಿ, ಕೊಳವೆಯಿಂದ ಸೋರಿದ ಅನಿಲವು ಕಟ್ಟಡದ ಅಡಿಯ ತೆರವಿನಲ್ಲಿ ತುಂಬಿಕೊಂಡಿತ್ತು. ಆ ಅನಿಲಕ್ಕೆ ವಾಸನೆಯಿರಲಿಲ್ಲ, ಯಾರಿಗೂ ತಿಳಿಯಲಿಲ್ಲ. ಕೈಗೆಲಸದ ಕೋಣೆಯಲ್ಲಿ ಒಂದು ವಿದ್ಯುದ್ಯಂತ್ರದಿಂದ ಹಾರಿದ ಕಿಡಿ ಸಾಕಾಯಿತು. ಸುಮಾರು ೨೯೫ ಮಂದಿ ಸತ್ತರು. ಅವರಲ್ಲಿ ಬಹುಪಾಲು ಶಾಲೆಯ ಮಕ್ಕಳು. ಇದಾದ ಮೇಲೆಯೇ ಅನಿಲಕ್ಕೆ ದುರ್ವಾಸನೆಯನ್ನು ಬೆರೆಸಬೇಕೆಂದು ಆ ಸಂಸ್ಥಾನದಲ್ಲಿ ಕಾನೂನಾಯಿತು. ಇಂದು ನಮ್ಮ ಅಡಿಗೆಮನೆಯಲ್ಲಿ ಮೂಗಿಗೆ ಬಡಿಯುವ ಆ ಕೊಳೆತ ವಾಸನೆಯು ಬೇಕೆಂದೇ ಬೆರೆಸಿದ್ದು. ಅದು ಬಂದಾಗ ಬಾಗಿಲು ಕಿಟಕಿಗಳನ್ನು ತೆರೆದು, ರೆಗ್ಯುಲೇಟರನ್ನು ಮುಚ್ಚಿ, ದೀಪದ ಗುಂಡಿಯನ್ನು ಹಾಕುವುದಾಗಲಿ ಆರಿಸುವುದಾಗಲಿ ಮಾಡದೆ ಹೊರಗೆ ಬಂದು, ೧-೯-೦-೬ ಎಂಬ ನಾಲ್ಕಂಕೆಯ ತುರ್ತು ಸಂಖ್ಯೆಗೆ ತಿಳಿಸಬೇಕು. ಅಡಿಗೆಯ ಅನಿಲವು ಗಾಳಿಗಿಂತ ಭಾರ. ನೆಲದ ಮಟ್ಟದಲ್ಲಿ ತಂಗುವುದು. ಆದುದರಿಂದ ಮೇಲಿನ ಕಿಟಕಿಯೊಂದನ್ನೇ ತೆರೆದರೆ ಸಾಲದು, ಬಾಗಿಲನ್ನೂ ತೆರೆಯಬೇಕು.

ಗೃಹಸ್ಥನು ನೋಡತಕ್ಕ ಅಂಶಗಳು

ಕೊಳವೆಯ ಕೆಲಸವನ್ನು ಗೃಹಸ್ಥನು ತಾನೇ ಮಾಡಬೇಕೆಂದು ನಾನು ಹೇಳುವುದಿಲ್ಲ. ಆದರೆ ಮಾಡುವವನ ಪಕ್ಕದಲ್ಲಿ ನಿಂತು ನಾಲ್ಕು ಅಂಶಗಳನ್ನು ನೋಡಬಹುದು. ಮೊದಲನೆಯದು, ಈ ಸಂಧಿಯಲ್ಲಿ ನೀರನ್ನು ತಡೆಯುವ ವಸ್ತು ಯಾವುದು, ಬೆಣೆಯೂ ಪಟ್ಟಿಯೂ ಸೇರಿಯೆ, ಅಥವಾ ವಾಷರೆ ಎಂದು ಕೇಳುವುದು. ಬಲ್ಲವನು ಕೂಡಲೆ ಉತ್ತರ ಹೇಳುವನು. ಎರಡನೆಯದು, ಅವನು ಎರಡು ಪಾನಾಗಳನ್ನು ಬಳಸುತ್ತಿರುವನೆ ಎಂಬುದು. ಒಂದರಿಂದ ಹಿಡಿದುಕೊಂಡು ಇನ್ನೊಂದರಿಂದ ತಿರುಗಿಸದಿದ್ದರೆ, ಈ ಸಂಧಿ ಬಿಗಿಯುವಾಗ ಅದರ ಹಿಂದಿನ ಸಂಧಿ ತಿರುಚಿಕೊಂಡು ಸಡಿಲುವುದು. ಮೂರನೆಯದು, ಪ್ಲಾಸ್ಟಿಕ್ಕಿನ ಒಳತಿರುಪಿಗೆ ಲೋಹದ ನಲ್ಲಿ ಹೋಗುತ್ತಿದೆಯೆ ಎಂಬುದು. ಹೋಗುತ್ತಿದ್ದರೆ ಹಿತ್ತಾಳೆಯ ತಿರುಪುಳ್ಳ ತುಂಡನ್ನು ಕೇಳಿ ಹಾಕಿಸಬೇಕು. ನಾಲ್ಕನೆಯದು, ಗೋಡೆಯ ಗಾರೆಯಾಗುವುದಕ್ಕೆ ಮುಂಚೆ ಕೊಳವೆಗಳ ಬಾಯಿಗಳನ್ನೆಲ್ಲ ಮುಚ್ಚಿ, ನೀರು ತುಂಬಿ, ಕೈಪಂಪಿನಿಂದ ನಿತ್ಯದ ಒತ್ತಡಕ್ಕಿಂತ ಹೆಚ್ಚಿನ ಒತ್ತಡವನ್ನು ಕೊಟ್ಟು, ಮುಳ್ಳು ಇಳಿಯದೆ ನಿಲ್ಲುವುದನ್ನು ಕಣ್ಣಾರೆ ನೋಡುವುದು. ಇದಕ್ಕೆ ಹಿಡಿಯುವುದು ಒಂದು ಪೂರ್ವಾಹ್ಣ. ಗಾರೆಯಾದ ಮೇಲೆ ಇದೇ ದೋಷವನ್ನು ಹುಡುಕಲು ಅರ್ಧ ಗೋಡೆಯೇ ಬೇಕಾಗುವುದು.

ಈ ಪ್ರಶ್ನೆಗಳನ್ನು ಕೇಳುವ ಯಜಮಾನನನ್ನು ಒಳ್ಳೆಯ ಕೆಲಸಗಾರನು ಬೇಸರಿಸುವುದಿಲ್ಲ. ತನ್ನ ಕೆಲಸದ ಮರ್ಮವನ್ನು ಅರಿತವನೊಬ್ಬನು ಪಕ್ಕದಲ್ಲಿ ನಿಂತಿರುವನೆಂದು ಅವನ ಕೈ ಇನ್ನಷ್ಟು ಜಾಗರೂಕವಾಗುವುದು. ಅವನಿಗೆ ಒಂದು ಲೋಟ ಕಾಫಿಯನ್ನೂ, ಕೂಲಿಯನ್ನು ಚೌಕಾಸಿಯಿಲ್ಲದೆಯೂ ಕೊಡಿರಿ. ಮನೆಯೊಳಗೆ ಕಾಣದೆ ಹುದುಗಿರುವ ಹತ್ತಾರು ಸಂಧಿಗಳು ಅವನ ಒಂದು ದಿವಸದ ನಿಷ್ಠೆಯ ಮೇಲೆ ನಮ್ಮ ಮೊಮ್ಮಕ್ಕಳ ಕಾಲದವರೆಗೆ ನಿಂತಿರಬೇಕಾಗಿದೆ.